ಹಾಡಿನ ನಡುವೆ ಕೊಟ್ಟ ಮಾತು

ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತನ್ನ ಮುಂದಿನ ಹತ್ತು ಹದಿನೈದು ವರ್ಷಗಳ ಬಗ್ಗೆ ಒಂದು ಮಾತು ಕೊಡುತ್ತಾಳೆ ಎಂದುಕೊಳ್ಳೋಣ. ಮದುವೆಯಾಗುವವರೆಗೆ ಯಾರ ಜೊತೆಯೂ ದೇಹಸಂಬಂಧ ಇಟ್ಟುಕೊಳ್ಳುವುದಿಲ್ಲ ಎಂಬ ಮಾತು. ಅವಳ ಸುತ್ತ ಅವಳದೇ ವಯಸ್ಸಿನ ನೂರಾರು ಮಕ್ಕಳಿದ್ದಾರೆ. ವೇದಿಕೆಯ ಮೇಲೆ ಅವಳು ಮೆಚ್ಚಿಕೊಂಡ ಹಾಡುಗಾರ್ತಿಯರಿದ್ದಾರೆ. ಗಿಟಾರು, ಡ್ರಮ್ಮು, ಬಣ್ಣದ ಬೆಳಕು, ಒಟ್ಟಿಗೆ ಎದ್ದ ದನಿಗಳು. ಅವಳ ಕಣ್ಣು ತುಂಬಿದೆ, ಅದರಲ್ಲಿ ಸೋಗಿಲ್ಲ. ಈ ಮಾತು ಅವಳನ್ನು ಎಷ್ಟರ ಮಟ್ಟಿಗೆ ಕಟ್ಟುತ್ತದೆ? ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಅದನ್ನು ಮೀರಿದರೆ ಮಾತಿಗೆ ತಪ್ಪಿದವಳಾಗುತ್ತಾಳೆಯೆ? ತಪ್ಪಿದ್ದು ಯಾರಿಗೆ? ಮಾತು ಕೊಡು ಎಂದು ಅವಳನ್ನು ಕರೆದವರ ಮೇಲೆ ಯಾವ ಹೊಣೆಯೂ ಇಲ್ಲವೆ?

ತರಗತಿಯ ಚರ್ಚೆಗೆಂದು ಕಟ್ಟಿಕೊಂಡ ಪ್ರಶ್ನೆಯಂತೆ ಇದು ಕೇಳಿಸಬಹುದು. ಆದರೆ 1990ರ ದಶಕದ ಆರಂಭದಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಅಮೆರಿಕದ ಇವಾಂಜೆಲಿಕಲ್ ಚರ್ಚುಗಳಲ್ಲಿ ಬೆಳೆದ ಲಕ್ಷಾಂತರ ಮಕ್ಕಳು ಇಂಥದೇ ಮಾತು ಕೊಟ್ಟಿದ್ದಾರೆ. ಕಾರ್ಡಿಗೆ ಸಹಿ ಹಾಕಿದ್ದಾರೆ, ಬೆರಳಿಗೆ ಉಂಗುರ ತೊಟ್ಟಿದ್ದಾರೆ. ಆ ಕಾಲಕ್ಕೆ ತನ್ನದೇ ಸಂಗೀತವೂ ಇತ್ತು. ಆ ಸಂಗೀತವನ್ನು ಮಾಡಿದವರಲ್ಲಿ ಬಾರ್ಲೋಗರ್ಲ್ ಎಂಬ ಮೂವರು ಅಕ್ಕತಂಗಿಯರ ತಂಡವನ್ನು ಮುಂದಿಟ್ಟುಕೊಂಡು, ಎಳೆಯರಿಂದ ಮಾತು ಪಡೆಯುವುದರ ನೀತಿ ಅನೀತಿಯನ್ನು ಯೋಚಿಸುವುದು ಈ ಬರಹದ ಉದ್ದೇಶ. ಪ್ರತಿಜ್ಞೆ, ಆಣೆ, ಕರಾರುಗಳ ಬಗ್ಗೆ ತತ್ತ್ವಶಾಸ್ತ್ರಜ್ಞರು ಬರೆದದ್ದನ್ನು ಕೆಲವು ವರ್ಷಗಳಿಂದ ಓದಿಕೊಂಡು ಬಂದಿರುವ ನನಗೆ, ಪುಸ್ತಕಗಳಲ್ಲಿ ಸಿಗುವ ಉದಾಹರಣೆಗಳಿಗಿಂತ ಈ ಹಾಡುಗಾರ್ತಿಯರ ಕತೆ ಹೆಚ್ಚು ಕಷ್ಟದ್ದೆನಿಸಿದೆ. ಯಾಕೆಂದರೆ ಇಲ್ಲಿ ಮೋಸ ಮಾಡಿದವರು ಎಂದು ಬೆರಳು ತೋರಿಸಲು ಯಾರೂ ಸಿಗುವುದಿಲ್ಲ.

*

ಬೆಕ್ಕಾ, ಅಲಿಸಾ, ಲಾರೆನ್ ಬಾರ್ಲೋ ಇಲಿನಾಯ್ ರಾಜ್ಯದ ಎಲ್ಜಿನ್ ಊರಿನವರು. ಮೊದಲು ತಂದೆಯ ಜೊತೆ ಸೇರಿ ನುಡಿಸುತ್ತಿದ್ದವರು ಆಮೇಲೆ ತಮ್ಮದೇ ತಂಡ ಕಟ್ಟಿಕೊಂಡರು. ಬೆಕ್ಕಾ ಗಿಟಾರು, ಅಲಿಸಾ ಬೇಸ್ ಮತ್ತು ಕೀಬೋರ್ಡು, ಲಾರೆನ್ ಡ್ರಮ್ಸ್. 2004ರಲ್ಲಿ ಫರ್ವೆಂಟ್ ರೆಕಾರ್ಡ್ಸ್ ಮೂಲಕ ಅವರ ಮೊದಲ ಆಲ್ಬಮ್ ಬಂತು. 2009ರ ಹೊತ್ತಿಗೆ ಒಟ್ಟು ಐದು ಆಲ್ಬಮ್‌ಗಳಾದವು. 2012ರಲ್ಲಿ ತಂಡ ನಿಂತಿತು. ಹೆಣ್ಣುಮಕ್ಕಳ ತಂಡವೆಂದರೆ ಮುಂದೆ ನಿಂತು ಹಾಡಿ ಕುಣಿಯುವವರು, ಹಿಂದೆ ವಾದ್ಯ ನುಡಿಸುವ ಗಂಡಸರು ಎಂಬ ಚಿತ್ರವೇ ಜನಪ್ರಿಯವಾಗಿದ್ದ ಕಾಲದಲ್ಲಿ ಇವರು ಹಾಡಿನ ಜೊತೆ ವಾದ್ಯಗಳನ್ನೂ ತಾವೇ ಹಿಡಿದರು. ಡ್ರಮ್ಸ್ ಬಾರಿಸುತ್ತಲೇ ಹಾಡುವ, ಇಪ್ಪತ್ತು ತುಂಬದ ಹುಡುಗಿಯನ್ನು ನೋಡುವುದು ಆ ವಯಸ್ಸಿನ ಉಳಿದ ಹುಡುಗಿಯರಿಗೆ ಸಣ್ಣ ಸಂಗತಿಯಾಗಿರಲಿಕ್ಕಿಲ್ಲ.

ಅವರ ಹೆಸರು ಮೊದಲು ಹಬ್ಬಿದ್ದು ಮಾತ್ರ ಒಂದು ನಿರ್ಧಾರದಿಂದಾಗಿ. ಜೋಶುವಾ ಹ್ಯಾರಿಸ್ ಎಂಬ ಯುವಕ 1997ರಲ್ಲಿ ‘ಐ ಕಿಸ್ಡ್ ಡೇಟಿಂಗ್ ಗುಡ್‌ಬೈ’ ಎಂಬ ಪುಸ್ತಕ ಪ್ರಕಟಿಸಿದ್ದ. ಮದುವೆಯ ಯೋಚನೆಯಿಲ್ಲದೆ ಹುಡುಗ ಹುಡುಗಿ ಜೋಡಿಯಾಗಿ ಓಡಾಡುವುದನ್ನೇ ಬಿಡಬೇಕು ಎನ್ನುವ ಪುಸ್ತಕ ಅದು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಅದರಿಂದ ಪ್ರೇರಣೆ ಪಡೆದ ಬಾರ್ಲೋ ಸೋದರಿಯರು ಡೇಟಿಂಗ್ ಮಾಡುವುದಿಲ್ಲ, ಮದುವೆಗೆ ಮುಂಚೆ ದೇಹಸಂಬಂಧವಿಲ್ಲ, ಉಡುಪಿನಲ್ಲಿ ಸಂಯಮ ಬಿಡುವುದಿಲ್ಲ ಎಂದು ನಿಶ್ಚಯಿಸಿಕೊಂಡರು. ಅವರಿಗೆ ತಮ್ಮದೊಂದು ಆಲ್ಬಮ್ ಬರುವ ಮುಂಚೆಯೇ, ಈ ನಿಶ್ಚಯದ ಬಗ್ಗೆ ಸೂಪರ್‌ಚಿಕ್ ಎಂಬ ಇನ್ನೊಂದು ಕ್ರಿಶ್ಚಿಯನ್ ತಂಡ ಅವರ ಹೆಸರಿನಲ್ಲೇ ಒಂದು ಹಾಡು ಮಾಡಿತ್ತು. ಹಾಡುಗಾರ್ತಿಯರಾಗಿ ಲೋಕಕ್ಕೆ ಗೊತ್ತಾಗುವ ಮೊದಲೇ ಅವರು ಮಾದರಿ ಹುಡುಗಿಯರಾಗಿದ್ದರು. ಮುಂದೆ ತಾವು ಪ್ರಸಿದ್ಧರಾದಾಗ ಹದಿಹರೆಯದ ಕೇಳುಗರ ಜೊತೆ ಈ ವಿಷಯಗಳನ್ನೇ ಮಾತಾಡಿದರು: ಹುಡುಗನಿಲ್ಲದಿದ್ದರೂ ನೀನು ಪೂರ್ಣಳು, ಕನ್ನಡಿ ಹೇಳುವುದನ್ನೆಲ್ಲ ನಂಬಬೇಡ, ದೇವರ ಕಣ್ಣಿನಲ್ಲಿ ನಿನ್ನ ಬೆಲೆ ಬೇರೆ ಎಂದು.

ಇದರಲ್ಲಿ ಒಳ್ಳೆಯದಿತ್ತು ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಧರ್ಮಪ್ರಚಾರವೆಂದು ಮೂಗು ಮುರಿಯುವುದು ಸುಲಭ. ಆದರೆ ಆ ಕಾಲದ ಅಮೆರಿಕದ ಪಾಪ್ ಮಾರುಕಟ್ಟೆ ಹದಿನಾಲ್ಕರ ಹುಡುಗಿಗೆ ಕೊಡುತ್ತಿದ್ದದ್ದು ಏನು? ತೆಳ್ಳಗಿನ ಸೊಂಟ, ಹೊಳೆಯುವ ಚರ್ಮ, ಮತ್ತು ಹುಡುಗರು ನಿನ್ನನ್ನು ನೋಡುತ್ತಿದ್ದಾರೆಯೆ ಎಂಬ ಸದಾಕಾಲದ ಕಳವಳ. ಈ ಕಳವಳದಿಂದ ಹೊರಗೆ ಬದುಕಲು ಸಾಧ್ಯವಿದೆ, ಹಾಗೆ ಬದುಕುತ್ತಲೂ ಗಿಟಾರು ಹಿಡಿದು ಗಟ್ಟಿಯಾಗಿ ಹಾಡಬಹುದು ಎಂದು ಮೂವರು ಹುಡುಗಿಯರು ತೋರಿಸಿಕೊಟ್ಟರು. ಬೇಡ ಎನ್ನುವ ಹಕ್ಕು ನಿನಗಿದೆ ಎಂದು ಒಂದು ಹುಡುಗಿಗೆ ಹೇಳುವುದು ಯಾವ ಕಾಲದಲ್ಲೂ ಸಣ್ಣ ಉಪಕಾರವಲ್ಲ. ಹಾಗಾದರೆ ತೊಡಕು ಎಲ್ಲಿ ಶುರುವಾಗುತ್ತದೆ?

*

ತೊಡಕನ್ನು ಹಿಡಿಯಲು ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನಾನು ಹೀಗೆ ಬದುಕುತ್ತಿದ್ದೇನೆ ಎಂದು ಹೇಳುವುದು ಒಂದು. ನೀನೂ ಹೀಗೆ ಬದುಕು ಬಾ ಎಂದು ಕರೆಯುವುದು ಎರಡನೆಯದು. ಹೀಗೆಯೇ ಬದುಕುತ್ತೇನೆಂದು ಮಾತು ಕೊಡು ಎಂದು ಕೇಳುವುದು ಮೂರನೆಯದು. ನಮ್ಮ ಕನ್ನಡ ಕ್ರೈಸ್ತ ಸಭೆಗಳಲ್ಲಿ ಮೊದಲನೆಯದಕ್ಕೆ ಒಳ್ಳೆಯ ಹೆಸರಿದೆ, ‘ಸಾಕ್ಷಿ ಹೇಳುವುದು’. ತನ್ನ ಬದುಕಿನಲ್ಲಿ ದೇವರು ಏನು ಮಾಡಿದನೆಂದು ಎದ್ದುನಿಂತು ನಾಲ್ಕು ಜನರಿಗೆ ಹೇಳುವುದು. ಸಾಕ್ಷಿ ಎಂಬ ಪದವೇ ಹೇಳುವಂತೆ ಅದು ಕಂಡದ್ದರ ವರದಿ. ಕಂಡವನಿಗೆ ಹೇಳುವ ಹಕ್ಕಿದೆ, ಕೇಳಿದವನಿಗೆ ನಂಬುವ ಬಿಡುವ ಹಕ್ಕಿದೆ.

ಬಾರ್ಲೋ ಸೋದರಿಯರು ಹೆಚ್ಚಾಗಿ ಮಾಡಿದ್ದು ಈ ಸಾಕ್ಷಿಯ ಕೆಲಸವನ್ನೇ. ಆದರೆ ಅವರ ಸಾಕ್ಷಿಗೆ ಒಂದು ವಿಚಿತ್ರ ಗುಣವಿತ್ತು. ಅದು ಕಂಡದ್ದಕ್ಕಿಂತ ಇನ್ನೂ ಕಾಣಬೇಕಾದದ್ದರ ಬಗ್ಗೆಯೇ ಹೆಚ್ಚು ಇತ್ತು. ಮದುವೆಯಾಗದ ಹುಡುಗಿಯರು, ಕಾದರೆ ಒಳಿತಾಗುತ್ತದೆ ಎಂದು ಹಾಡುತ್ತಿದ್ದರು. ಕಾಯುವುದರ ಕಷ್ಟ ಅವರಿಗೆ ಗೊತ್ತಿತ್ತು, ಕಾದದ್ದರ ಫಲ ಗೊತ್ತಿರಲಿಲ್ಲ. ಜೋಶುವಾ ಹ್ಯಾರಿಸ್‌ನ ವಿಷಯವೂ ಹೀಗೆಯೇ. ಆ ಪುಸ್ತಕ ಬಂದಾಗ ಅವನ ವಯಸ್ಸು ಇಪ್ಪತ್ತೆರಡು, ಮದುವೆಯಾಗಿರಲಿಲ್ಲ. 2018ರಲ್ಲಿ ಅವನು ತನ್ನ ಪುಸ್ತಕದಿಂದ ಹಲವರಿಗೆ ನೋವಾಗಿದೆ ಎಂದು ಕ್ಷಮೆ ಕೇಳಿ, ಅದರ ಮುದ್ರಣವನ್ನು ನಿಲ್ಲಿಸಲು ಪ್ರಕಾಶಕರ ಜೊತೆ ಒಪ್ಪಂದಕ್ಕೆ ಬಂದ. 2019ರಲ್ಲಿ ತಾನು ಇನ್ನು ಕ್ರೈಸ್ತನಲ್ಲ ಎಂದೂ ಹೇಳಿಕೊಂಡ. ಅವನನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಬರೆದವನು ತನ್ನ ಪುಸ್ತಕವನ್ನು ಹಿಂತೆಗೆದುಕೊಳ್ಳಬಹುದು, ಆದರೆ ಅದನ್ನು ಓದಿ ಮಾತು ಕೊಟ್ಟವರ ಹತ್ತಿರ ಅಂಥ ಅನುಕೂಲವಿರಲಿಲ್ಲ ಎನ್ನುವುದಷ್ಟನ್ನು ಗಮನಿಸಬೇಕು.

ಸಾಕ್ಷಿ ಮತ್ತು ಪ್ರತಿಜ್ಞೆಯ ನಡುವಿನ ಗೆರೆಯನ್ನು ಅಳಿಸಿದ್ದು ಒಂದು ತಂಡವಲ್ಲ, ಒಂದು ಕಾಲದ ವ್ಯವಸ್ಥೆ. 1993ರಲ್ಲಿ ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಸದರ್ನ್ ಬ್ಯಾಪ್ಟಿಸ್ಟರು ‘ಟ್ರೂ ಲವ್ ವೇಟ್ಸ್’ ಚಳವಳಿ ಆರಂಭಿಸಿದರು. ನ್ಯಾಶ್‌ವಿಲ್ ಕ್ರಿಶ್ಚಿಯನ್ ಪಾಪ್ ಸಂಗೀತ ಉದ್ಯಮದ ಕೇಂದ್ರವೂ ಹೌದು. ಮಕ್ಕಳು ಸಹಿ ಮಾಡುವ ಪ್ರತಿಜ್ಞಾ ಕಾರ್ಡು ಈ ಚಳವಳಿಯ ಮುಖ್ಯ ಸಾಧನ. 1994ರ ಜುಲೈನಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಮೈದಾನದಲ್ಲಿ ಇಂಥ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನೆಟ್ಟು ಪ್ರದರ್ಶಿಸಿದರು. 1995ರಲ್ಲಿ ಅರಿಜೋನಾದಲ್ಲಿ ಶುರುವಾದ ‘ಸಿಲ್ವರ್ ರಿಂಗ್ ಥಿಂಗ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜೋರು ಸಂಗೀತ, ಬೆಳಕು, ನಗೆನಾಟಕಗಳ ಕಾರ್ಯಕ್ರಮ ನಡೆಸಿ ಪ್ರತಿಜ್ಞೆ ಮಾಡಿದವರಿಗೆ ಬೆಳ್ಳಿಯ ಉಂಗುರ ತೊಡಿಸುವ ಪದ್ಧತಿ ಅದರದು. ಸರಕಾರವೂ ಹಿಂದೆ ಬೀಳಲಿಲ್ಲ. 1996ರ ಕಲ್ಯಾಣ ಕಾಯ್ದೆಯ ಅಡಿಯಲ್ಲಿ ಮದುವೆಯವರೆಗಿನ ಸಂಯಮವನ್ನು ಬೋಧಿಸಲು ವರ್ಷಕ್ಕೆ 5 ಕೋಟಿ ಡಾಲರ್ ತೆಗೆದಿಡಲಾಯಿತು. ಬಾರ್ಲೋ ಸೋದರಿಯರೇ ಕಾರ್ಡು ಹಂಚಿದರೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಹಾಡು ಕೇಳುತ್ತಿದ್ದ ಹುಡುಗಿಯ ಮೇಜಿನ ಮೇಲೆ ಅಂಥ ಕಾರ್ಡು ಇರುವ ಸಾಧ್ಯತೆ ಬಹಳವಿತ್ತು. ಒಂದೇ ಗಾಳಿಯಲ್ಲಿ ಹಾಡೂ ಇತ್ತು, ಆಣೆಯೂ ಇತ್ತು.

*

ಹಾಡಿನ ಜೊತೆ ಬಂದ ಒಪ್ಪಿಗೆಯನ್ನು ಎಷ್ಟು ನಂಬಬೇಕು? ಈ ಪ್ರಶ್ನೆ ಕ್ರೈಸ್ತ ಪರಂಪರೆಗೆ ಹೊಸದಲ್ಲ. ನಾಲ್ಕನೆಯ ಶತಮಾನದ ಕೊನೆಗೆ ಸಂತ ಅಗಸ್ಟೀನ್ ತನ್ನ ‘ಕನ್ಫೆಷನ್ಸ್’ ಕೃತಿಯ ಹತ್ತನೆಯ ಭಾಗದಲ್ಲಿ ಇದನ್ನೇ ಎತ್ತಿಕೊಳ್ಳುತ್ತಾನೆ. ಚರ್ಚಿನಲ್ಲಿ ಹಾಡು ಕೇಳುವಾಗ ಒಮ್ಮೊಮ್ಮೆ ಹಾಡಿನ ಅರ್ಥಕ್ಕಿಂತ ರಾಗವೇ ತನ್ನನ್ನು ಹೆಚ್ಚು ಅಲುಗಾಡಿಸುತ್ತದೆ ಎಂದು ಅವನಿಗೆ ಅನ್ನಿಸುತ್ತದೆ. ಆಗ ತಾನು ಪಾಪ ಮಾಡಿದೆ ಎಂದೇ ಅವನು ಒಪ್ಪಿಕೊಳ್ಳುತ್ತಾನೆ. ರಾಗವನ್ನೇ ಚರ್ಚಿನಿಂದ ಹೊರಗಿಟ್ಟರೆ ಹೇಗೆ ಎಂದೂ ಯೋಚಿಸುತ್ತಾನೆ. ಆದರೆ ತಾನು ಹೊಸದಾಗಿ ನಂಬಿಕೆಗೆ ಬಂದ ದಿನಗಳಲ್ಲಿ ಅದೇ ಹಾಡುಗಳಿಗೆ ಅತ್ತದ್ದು ನೆನಪಾಗಿ, ದುರ್ಬಲ ಮನಸ್ಸುಗಳಿಗೆ ಹಾಡು ಊರುಗೋಲಾಗುತ್ತದೆ ಎಂದು ಅದನ್ನು ಉಳಿಸಿಕೊಳ್ಳುವ ಕಡೆ ವಾಲುತ್ತಾನೆ. ತೀರ್ಪು ಖಚಿತವಿಲ್ಲ, ಅದೇ ಅವನ ಪ್ರಾಮಾಣಿಕತೆ. ಹಾಡು ಸತ್ಯದ ಕಡೆಗೂ ಒಯ್ಯಬಹುದು, ಸತ್ಯದ ಜಾಗದಲ್ಲಿ ತಾನೇ ಕೂತುಬಿಡಬಹುದು. ಕೇಳುತ್ತಿರುವಾಗ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ.

ಅಷ್ಟು ದೊಡ್ಡ ವಿದ್ವಾಂಸನಿಗೆ ತಿಳಿಯದ ವ್ಯತ್ಯಾಸವನ್ನು ಹದಿನಾಲ್ಕರ ಹುಡುಗಿ ತಿಳಿಯಬೇಕು ಎಂದು ಬಯಸುವುದು ನ್ಯಾಯವೆ? ಕಾನೂನು ಈ ವಿಷಯದಲ್ಲಿ ಧರ್ಮಕ್ಕಿಂತ ಮೃದುವಾಗಿದೆ. ನಮ್ಮ 1872ರ ಕರಾರು ಕಾಯ್ದೆ ಅಪ್ರಾಪ್ತ ವಯಸ್ಕರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲ ಎನ್ನುತ್ತದೆ. ಅಮೆರಿಕದಲ್ಲೂ ಅಪ್ರಾಪ್ತರು ತಮ್ಮ ಕರಾರುಗಳಿಂದ ಸಾಮಾನ್ಯವಾಗಿ ಹಿಂದೆ ಸರಿಯಬಹುದು. ಒಂದು ಸ್ಕೂಟರಿನ ಸಾಲಪತ್ರಕ್ಕೆ ಸಹಿ ಹಾಕಲಾಗದ ವಯಸ್ಸಿನಲ್ಲಿ ಇಡೀ ಯೌವನದ ಮೇಲೆ ಸಹಿ ಹಾಕಿಸಿಕೊಳ್ಳಲಾಯಿತು.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ನೀತಿಯನ್ನು ಎಳೆಯರಿಗೆ ಕಲಿಸುವುದೆಲ್ಲ ಅವರ ಪೂರ್ಣ ಒಪ್ಪಿಗೆಗೆ ಮುಂಚೆಯೇ ನಡೆಯುತ್ತದೆ. ಭಾಷೆ, ದೇವರು, ಸುಳ್ಳು ಹೇಳಬಾರದು ಎನ್ನುವುದು, ಹಿರಿಯರಿಗೆ ಎದ್ದು ಜಾಗ ಕೊಡುವುದು, ಇವು ಯಾವುದನ್ನೂ ನಮ್ಮನ್ನು ಕೇಳಿ ಕಲಿಸಲಿಲ್ಲ. ಹದಿನೆಂಟು ತುಂಬುವವರೆಗೆ ಕಾದು ಕಲಿಸುತ್ತೇವೆ ಎಂದರೆ ಯಾವ ಪರಂಪರೆಯೂ ಒಂದು ತಲೆಮಾರು ದಾಟುವುದಿಲ್ಲ. ಶಾಲೆಯ ಅಂಗಳದಲ್ಲಿ ಬಲಗೈ ಚಾಚಿ ‘ಭಾರತ ನನ್ನ ದೇಶ’ ಎಂದು ನಾವೂ ಪ್ರತಿಜ್ಞೆ ಮಾಡಿದವರೇ. ಹಾಗಿರುವಾಗ ಆ ಮಕ್ಕಳ ಪ್ರತಿಜ್ಞೆಯಲ್ಲೇ ಏನು ವಿಶೇಷ?

ವಿಶೇಷವಿದೆ. ಕಲಿಸುವುದು ಬೇರೆ, ಆಣೆ ಹಾಕಿಸುವುದು ಬೇರೆ. ಕಲಿತದ್ದನ್ನು ಮುಂದೊಂದು ದಿನ ನಾವು ತಿರುಗಿ ನೋಡಬಹುದು, ಇದು ಸರಿ ಇದು ಸರಿಯಲ್ಲ ಎಂದು ಆರಿಸಿಕೊಳ್ಳಬಹುದು. ಹಾಗೆ ಮನಸ್ಸು ಬದಲಾದರೆ ಅದನ್ನು ಬೆಳವಣಿಗೆ ಎನ್ನುತ್ತೇವೆ. ಆಣೆಯ ಸಂಗತಿ ಹಾಗಲ್ಲ. ಒಮ್ಮೆ ಆಣೆ ಮಾಡಿದ ಮೇಲೆ ಅದೇ ಬದಲಾವಣೆಗೆ ದ್ರೋಹ ಎಂಬ ಹೆಸರು ಬರುತ್ತದೆ. ಶಾಲೆಯ ಪ್ರತಿಜ್ಞೆಯನ್ನು ಮೀರಿದ್ದಕ್ಕೆ ರಾತ್ರಿ ನಿದ್ದೆಗೆಟ್ಟು ಅತ್ತ ಮಕ್ಕಳಿಲ್ಲ, ಯಾಕೆಂದರೆ ಅದು ಎಲ್ಲರೂ ಒಟ್ಟಿಗೆ ಹೇಳುವ ಪಾಠ ಎಂಬುದು ನಮಗೆ ಒಳಗೊಳಗೇ ಗೊತ್ತಿತ್ತು. ಸಹಿ ಹಾಕಿದ ಕಾರ್ಡು ಮತ್ತು ಬೆರಳಿನ ಉಂಗುರ ಮಾತ್ರ ಒಬ್ಬಳೇ ಒಬ್ಬಳ ಹೆಸರು ಹಿಡಿದು ಕೂಗುತ್ತವೆ.

ಮಾತು ಎಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ಪುಣ್ಯಕೋಟಿ. ಅವಳ ಮಾತಿಗೆ ಅಷ್ಟು ತೂಕ ಯಾಕೆ? ಅವಳು ಬೆಳೆದವಳು, ತಾಯಿ. ಏನನ್ನು ಕೊಡುತ್ತಿದ್ದೇನೆ, ಯಾಕೆ ಕೊಡುತ್ತಿದ್ದೇನೆ ಎಂಬುದು ಅವಳಿಗೆ ಪೂರ್ತಿ ಗೊತ್ತಿತ್ತು. ಕಾಡಿನಲ್ಲಿ ಅವಳು ಹುಲಿಯೆದುರು ಒಬ್ಬಳೇ ನಿಂತಿದ್ದಳು, ಅಲ್ಲಿ ಚಪ್ಪಾಳೆಯಿರಲಿಲ್ಲ. ಮುಖ್ಯವಾಗಿ, ಅವಳು ತನ್ನ ಕರುವಿನಿಂದ ಯಾವ ಮಾತನ್ನೂ ತೆಗೆದುಕೊಳ್ಳಲಿಲ್ಲ. ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ, ಇದನ್ನು ನಿಮ್ಮದೆಂದು ನೋಡಿಕೊಳ್ಳಿ ಎಂದಳು. ಹಿರಿಯರು ತಮ್ಮ ಮಾತಿಗೆ ತಾವು ನಿಲ್ಲಬೇಕು, ಎಳೆಯರನ್ನು ಸುತ್ತಲಿನವರ ಅಕ್ಕರೆಗೆ ಬಿಡಬೇಕು ಎಂಬ ವಿವೇಕ ಆ ಕತೆಯಲ್ಲಿದೆ ಎಂದು ನನಗನಿಸುತ್ತದೆ.

*

ಇನ್ನು ಈ ಮಾತುಗಳ ಗತಿ ಏನಾಯಿತು ಎಂದು ನೋಡೋಣ. ಸಮಾಜಶಾಸ್ತ್ರಜ್ಞರಾದ ಪೀಟರ್ ಬೇರ್‌ಮನ್ ಮತ್ತು ಹನಾ ಬ್ರೂಕ್ನರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಚರ್ಚೆಗೆ ಒಳಗಾಯಿತು. ಪ್ರತಿಜ್ಞೆ ಮಾಡಿದವರು ಮೊದಲ ಸಂಭೋಗವನ್ನು ಸರಾಸರಿ 18 ತಿಂಗಳಷ್ಟು ಮುಂದೂಡಿದ್ದು ಅವರಿಗೆ ಕಂಡಿತು. ಆದರೆ ಈ ಪರಿಣಾಮ ಎಲ್ಲ ಕಡೆ ಇರಲಿಲ್ಲ. ಒಂದು ಶಾಲೆಯಲ್ಲಿ ಪ್ರತಿಜ್ಞೆ ಮಾಡಿದವರು ತೀರಾ ವಿರಳವಾಗಿದ್ದರೂ ಅದು ಫಲಿಸಲಿಲ್ಲ, ಬಹಳ ಮಂದಿ ಇದ್ದರೂ ಫಲಿಸಲಿಲ್ಲ. ನಾವು ಕೆಲವರು ಬೇರೆ, ನಾವು ಎಲ್ಲರಂತಲ್ಲ ಎನ್ನುವ ಭಾವ ಇರುವಷ್ಟು ದಿನ ಮಾತು ಉಳಿಯಿತು. ಎಲ್ಲರೂ ಮಾತು ಕೊಟ್ಟಲ್ಲಿ ಮಾತಿಗೆ ಬಲವೇ ಇರಲಿಲ್ಲ. ಮೀರಿದಾಗಲೋ, ಪ್ರತಿಜ್ಞೆ ಮಾಡಿದವರು ಗರ್ಭನಿರೋಧಕ ಬಳಸುವುದು ಉಳಿದವರಿಗಿಂತ ಕಡಿಮೆಯಿತ್ತು. ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ತಯಾರಾಗುವುದೆಂದರೆ ಮಾತು ಮುರಿಯುತ್ತೇನೆಂದು ಮೊದಲೇ ಒಪ್ಪಿಕೊಂಡಂತೆ.

2009ರಲ್ಲಿ ಜಾನೆಟ್ ರೋಸೆನ್‌ಬಾಮ್ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಪ್ರತಿಜ್ಞೆ ಮಾಡಿದವರನ್ನು, ಹಿನ್ನೆಲೆ ಮತ್ತು ನಂಬಿಕೆಗಳಲ್ಲಿ ಅವರಂತೆಯೇ ಇದ್ದೂ ಪ್ರತಿಜ್ಞೆ ಮಾಡದವರ ಜೊತೆ ಅವರು ಹೋಲಿಸಿದರು. ಐದು ವರ್ಷಗಳ ನಂತರ ಎರಡು ಗುಂಪುಗಳ ಲೈಂಗಿಕ ನಡವಳಿಕೆಯಲ್ಲಿ ವ್ಯತ್ಯಾಸವಿರಲಿಲ್ಲ. ಜೊತೆಗೆ, ಪ್ರತಿಜ್ಞೆ ಮಾಡಿದ್ದವರಲ್ಲಿ ಶೇಕಡಾ 82ರಷ್ಟು ಮಂದಿ ತಾವು ಎಂದೂ ಅಂಥ ಪ್ರತಿಜ್ಞೆ ಮಾಡಿಲ್ಲ ಎಂದರು.

ಈ 82ರ ಮುಂದೆ ಸ್ವಲ್ಪ ನಿಲ್ಲಬೇಕು. ಇವರೆಲ್ಲ ಸುಳ್ಳು ಹೇಳಿದರೆ? ಕೆಲವರು ಹೇಳಿರಬಹುದು. ಆದರೆ ಇನ್ನೊಂದು ಸಾಧ್ಯತೆಯೂ ಇದೆ. ಆ ದಿನ ಮಾತು ಕೊಟ್ಟದ್ದು ಅವರು ಮಾತ್ರವಲ್ಲ, ಆ ಸಭಾಂಗಣ, ಆ ರಾಗ, ಪಕ್ಕದಲ್ಲಿದ್ದ ಗೆಳತಿ, ಎಲ್ಲ ಸೇರಿ ಕೊಟ್ಟ ಮಾತು ಅದು. ಸಭೆ ಮುಗಿದ ಮೇಲೆ ಆ ಮಾತಿಗೆ ಒಡೆಯರೇ ಇರಲಿಲ್ಲ. ಬದುಕಿನ ಜೊತೆ ಹೆಣೆದುಕೊಳ್ಳದ ಮಾತನ್ನು ನೆನಪೂ ಇಟ್ಟುಕೊಳ್ಳುವುದಿಲ್ಲ. ಹಾಗಿದ್ದರೆ ಈ 82 ಮಂದಿಯ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ, ಮರೆತು ಅವರು ಬಿಡುಗಡೆಯಾದರು. ಚಿಂತಿಸಬೇಕಾದದ್ದು ಮರೆಯದವರ ಬಗ್ಗೆ. ಹಾಡನ್ನು ಎಲ್ಲರಿಗಿಂತ ಹೆಚ್ಚು ನಂಬಿದವರ ಬಗ್ಗೆ. ಹಗುರವಾಗಿ ಮಾತು ಕೊಟ್ಟವರು ಹಗುರವಾಗಿಯೇ ಪಾರಾದರು, ಮನಸ್ಸಿಟ್ಟು ಕೊಟ್ಟವರ ಹೆಗಲ ಮೇಲೆ ಮಾತ್ರ ಭಾರ ಉಳಿಯಿತು. ಒಂದು ನೈತಿಕ ಕಲಿಕೆ ತನ್ನ ಅತ್ಯಂತ ಪ್ರಾಮಾಣಿಕ ವಿದ್ಯಾರ್ಥಿಗಳನ್ನೇ ಹೆಚ್ಚು ನೋಯಿಸುತ್ತದೆ ಎಂದಾದರೆ ಅದರಲ್ಲಿ ಏನೋ ಕೆಟ್ಟಿದೆ.

*

ಕೆಟ್ಟದ್ದು ಏನು ಎಂಬುದಕ್ಕೆ ನನ್ನ ಉತ್ತರ ಇದು: ಆ ಚಳವಳಿ ಮಾತಿನ ಭಾಷೆಯನ್ನೂ ಮಡಿಯ ಭಾಷೆಯನ್ನೂ ಒಂದಕ್ಕೊಂದು ಬೆರೆಸಿತು. ಅಮೆರಿಕದಲ್ಲಿ ಇವತ್ತು ಆ ಕಾಲವನ್ನು ‘ಶುದ್ಧತೆಯ ಸಂಸ್ಕೃತಿ’ ಎಂದೇ ಕರೆಯುತ್ತಾರೆ. ಮಾತು ಮನುಷ್ಯರಿಗೆ ಸೇರಿದ್ದು. ಮಾತಿಗೆ ತಪ್ಪಿದವರು ಕ್ಷಮೆ ಕೇಳಬಹುದು, ಮತ್ತೆ ಮಾತು ಕೊಡಬಹುದು, ಆ ಮಾತೇ ಸರಿಯಿರಲಿಲ್ಲ ಎಂದು ವಾದಿಸಲೂಬಹುದು. ಶುದ್ಧತೆ ವಸ್ತುವಿಗೆ ಸೇರಿದ್ದು. ಬಿಳಿ ಬಟ್ಟೆಗೆ ಕಲೆಯಾದರೆ ಬಟ್ಟೆಯ ಜೊತೆ ಮಾತುಕತೆ ಸಾಧ್ಯವಿಲ್ಲ. ಮಡಿ ಮೈಲಿಗೆಯ ಲೆಕ್ಕಾಚಾರವನ್ನು ಶತಮಾನಗಳಿಂದ ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ. ಮೈಲಿಗೆ ಎನ್ನುವುದು ನೀನು ಏನು ಮಾಡಿದೆ ಎಂದು ಕೇಳುವುದಿಲ್ಲ, ನಿನಗೆ ಏನು ತಗುಲಿತು ಎಂದಷ್ಟೇ ಕೇಳುತ್ತದೆ.

ಈ ಬೆರಕೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಎಲಿಜಬೆತ್ ಸ್ಮಾರ್ಟ್ ಹೇಳಿದ ಮಾತುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆಕೆ ಯೂಟಾ ರಾಜ್ಯದ ಮಾರ್ಮನ್ ಕುಟುಂಬದವರು. ಇವಾಂಜೆಲಿಕಲ್ ಚರ್ಚುಗಳದು ಬೇರೆ ಪರಂಪರೆ, ಆದರೆ ಹುಡುಗಿಯರಿಗೆ ಹೇಳುವ ಪಾಠದಲ್ಲಿ ಅಂತರ ಕಡಿಮೆ. 2002ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅವರನ್ನು ಮನೆಯಿಂದಲೇ ಅಪಹರಿಸಿ ಒಂಬತ್ತು ತಿಂಗಳು ಹಿಂಸಿಸಲಾಯಿತು. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಅವರು ಒಂದು ವಿಷಯ ಹೇಳಿದರು. ಮದುವೆಗೆ ಮುಂಚಿನ ದೇಹಸಂಬಂಧವನ್ನು ಅಗಿದ ಚ್ಯೂಯಿಂಗ್ ಗಮ್ಮಿಗೆ ಹೋಲಿಸಿದ ಶಿಕ್ಷಕಿಯ ಪಾಠ ಸೆರೆಯಲ್ಲಿದ್ದಾಗ ಅವರಿಗೆ ನೆನಪಾಯಿತಂತೆ. ಅಗಿದು ಉಗುಳಿದ ಗಮ್ ಯಾರಿಗೂ ಬೇಡ, ಹಾಗೆಯೇ ತಾನೂ ಇನ್ನು ಯಾರಿಗೂ ಬೇಡವಾದವಳು ಎಂದು ಅನ್ನಿಸಿತಂತೆ. ಅಂಥ ಭಾವನೆ ಹೊತ್ತವರು ಯಾಕಾದರೂ ಓಡಿಹೋಗಲು ಪ್ರಯತ್ನಿಸುತ್ತಾರೆ ಎಂಬುದು ಅವರು ಎತ್ತಿದ ಪ್ರಶ್ನೆ.

ಅವರು ಯಾವ ಮಾತನ್ನೂ ಮುರಿದಿರಲಿಲ್ಲ, ಅವರ ಮೇಲೆ ಅತ್ಯಾಚಾರವಾಗಿತ್ತು. ಮಾತಿನ ಭಾಷೆಯಲ್ಲಿ ಅವರ ತಪ್ಪು ಸೊನ್ನೆ. ಶುದ್ಧತೆಯ ಭಾಷೆ ಮಾತ್ರ ಅವರನ್ನು ಬಿಡಲಿಲ್ಲ. ಲಿಂಡಾ ಕೇ ಕ್ಲೈನ್ 2018ರಲ್ಲಿ ಪ್ರಕಟಿಸಿದ ‘ಪ್ಯೂರ್’ ಪುಸ್ತಕದಲ್ಲಿ ಇವಾಂಜೆಲಿಕಲ್ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳ ಅನುಭವಗಳಿವೆ. ಮದುವೆಯಾದ ಮೇಲೂ, ಚರ್ಚು ಬಿಟ್ಟ ಮೇಲೂ ತಮ್ಮ ದೇಹದ ಬಗೆಗಿನ ನಾಚಿಕೆ ಹೋಗದವರ ಮಾತುಗಳು ಅವು. ಆ ಭಾರ ಹೆಚ್ಚಾಗಿ ಬಿದ್ದದ್ದು ಹುಡುಗಿಯರ ಮೇಲೆ. ಹುಡುಗನ ಕಣ್ಣು ತಪ್ಪಿದರೆ ಅದಕ್ಕೆ ಹುಡುಗಿಯ ಉಡುಪು ಉತ್ತರ ಕೊಡಬೇಕಿತ್ತು. ಹುಡುಗರ ನೋಟಕ್ಕೆ ನಿನ್ನ ಬೆಲೆಯನ್ನು ಒಪ್ಪಿಸಬೇಡ ಎಂದು ಶುರುವಾದ ಮಾತು, ಹುಡುಗರ ನೋಟಕ್ಕೆ ನೀನೇ ಜವಾಬ್ದಾರಳು ಎನ್ನುವಲ್ಲಿಗೆ ಬಂದು ನಿಂತಿತ್ತು.

*

ಹಾನಾ ಆರೆಂಟ್ 1958ರ ‘ದಿ ಹ್ಯೂಮನ್ ಕಂಡಿಷನ್’ ಗ್ರಂಥದಲ್ಲಿ ಮಾತು ಕೊಡುವುದು ಮತ್ತು ಕ್ಷಮಿಸುವುದು ಎರಡನ್ನೂ ಜೋಡಿಯಾಗಿಯೇ ಚರ್ಚಿಸುತ್ತಾರೆ. ನಾಳೆ ಏನಾಗುತ್ತದೋ ಗೊತ್ತಿಲ್ಲ, ಅದಕ್ಕೆ ಮಾತು ಬೇಕು. ನಿನ್ನೆ ಆದದ್ದನ್ನು ಅಳಿಸಲಾಗುವುದಿಲ್ಲ, ಅದಕ್ಕೆ ಕ್ಷಮೆ ಬೇಕು. ಕ್ಷಮೆಯಿಲ್ಲದಿದ್ದರೆ ಒಂದೇ ಒಂದು ಕೃತ್ಯಕ್ಕೆ ಮನುಷ್ಯ ಜೀವನಪೂರ್ತಿ ಸಿಕ್ಕಿಬೀಳುತ್ತಾನೆ. ಮನುಷ್ಯರ ವ್ಯವಹಾರದಲ್ಲಿ ಕ್ಷಮೆಯ ಪಾತ್ರವನ್ನು ಕಂಡುಕೊಂಡವನು ನಜರೇತಿನ ಯೇಸು ಎಂದೂ ಆಕೆ ಬರೆಯುತ್ತಾರೆ. ಹುಟ್ಟಿನಿಂದ ಯಹೂದಿಯಾದ ತತ್ತ್ವಜ್ಞಾನಿಯೊಬ್ಬರು ಯೇಸುವಿಗೆ ಸಲ್ಲಿಸಿದ ಗೌರವ ಅದು. ಆ ಯೇಸು ಆಣೆಗಳ ಬಗ್ಗೆ ಏನು ಹೇಳಿದ? ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಪರ್ವತ ಪ್ರಸಂಗದಲ್ಲಿ, ಆಣೆಯನ್ನೇ ಇಡಬೇಡಿ, ನಿಮ್ಮ ಹೌದು ಹೌದಾಗಿರಲಿ, ಅಲ್ಲ ಅಲ್ಲವಾಗಿರಲಿ ಎಂಬ ಅರ್ಥದ ಬೋಧನೆಯಿದೆ. ಅವನ ಹೆಸರಿನಲ್ಲೇ ಮಕ್ಕಳಿಂದ ಲಕ್ಷಗಟ್ಟಲೆ ಆಣೆ ಪಡೆಯಲಾಯಿತು ಎಂಬುದು ಈ ಕತೆಯ ವಿಪರ್ಯಾಸ. ಕ್ಷಮೆಯ ಮಾತು ಆ ಚರ್ಚುಗಳಲ್ಲಿ ಇರಲಿಲ್ಲವೆಂದಲ್ಲ. ಇತ್ತು, ಪ್ರತಿ ಭಾನುವಾರವೂ ಇತ್ತು. ಆದರೆ ಅಗಿದ ಗಮ್ಮಿನ ಪಾಠ ಕೇಳಿದವಳಿಗೆ ಕ್ಷಮೆ ಸಿಕ್ಕರೂ ಏನು ಬಂತು? ಕ್ಷಮಿಸಲ್ಪಟ್ಟ ಗಮ್ ಕೂಡ ಗಮ್ಮೇ.

ಹಾಗಾದರೆ ಹಾಡುವವರು ಎಳೆಯರಿಗೆ ನೀತಿ ಹೇಳಲೇಬಾರದೆ? ನನ್ನ ನಿಲುವು ಅದಲ್ಲ. ಹೇಳಲಿ, ಕರೆಯಲಿ, ತಾವು ಬದುಕಿದ್ದನ್ನು ಮುಚ್ಚಿಡದೆ ಹಾಡಲಿ. ಆದರೆ ಎಳೆಯರ ಮುಂದೆ ಒಂದು ದಾರಿಯನ್ನು ತೋರಿಸುವವರು ಅದೇ ದನಿಯಲ್ಲಿ, ಅಷ್ಟೇ ಗಟ್ಟಿಯಾಗಿ, ಮರಳಿ ಬರುವ ದಾರಿಯನ್ನೂ ತೋರಿಸಬೇಕು. ಅದನ್ನು ತೋರಿಸಲಾಗದವರು ಮಾತು ಕೇಳಬಾರದು. ಹಾಡಿನ ಬಲ ದೊಡ್ಡದಾದಷ್ಟೂ ಈ ಹೊಣೆ ದೊಡ್ಡದು. ಕೇಳುಗರ ಕಣ್ಣು ತುಂಬಿದ ಗಳಿಗೆ ಅವರ ಸಹಿ ಪಡೆಯುವ ಗಳಿಗೆಯಲ್ಲ.

ಇದನ್ನು ಬಾರ್ಲೋ ಸೋದರಿಯರ ಹಾಡೇ ತೋರಿಸಿಕೊಡುತ್ತದೆ ಎಂಬುದು ನನಗೆ ಹಿಡಿಸಿದ ಸಂಗತಿ. ಅವರ ಹಾಡುಗಳಲ್ಲಿ ಎಲ್ಲಕ್ಕಿಂತ ಜನಪ್ರಿಯವಾದದ್ದು ಡೇಟಿಂಗ್ ಬೇಡ ಎನ್ನುವ ಹಾಡಲ್ಲ. 2004ರಲ್ಲಿ ಕ್ರಿಶ್ಚಿಯನ್ ರೇಡಿಯೊ ಪಟ್ಟಿಗಳಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿ ನಿಂತದ್ದು ‘ನೆವರ್ ಅಲೋನ್’. ದೇವರಿಗಾಗಿ ಕಾದು ಕೂತ ಹುಡುಗಿ, ಅವನು ಬಂದಂತೆ ಅನ್ನಿಸದೆ ಇದ್ದದ್ದು, ಕಾಣದವನನ್ನು ನಂಬುವ ಕಷ್ಟ, ಇಷ್ಟೇ ಅದರ ವಸ್ತು. ಮಾದರಿ ಹುಡುಗಿಯರೆಂದು ಹೆಸರಾದವರು ತಮ್ಮ ಒಂಟಿತನವನ್ನು ಒಪ್ಪಿಕೊಂಡ ಹಾಡು ಅದು. ಅದರಲ್ಲಿ ಕೇಳುವವಳಿಂದ ಯಾವ ಮಾತನ್ನೂ ಪಡೆಯುವುದಿಲ್ಲ. ನಿನಗೂ ಹೀಗಾಗಿದೆಯೆ, ನಮಗೂ ಆಗಿದೆ ಎಂದು ಅವಳ ಪಕ್ಕದಲ್ಲಿ ಕೂರುತ್ತಾರೆ. ಅದು ನಿಜವಾದ ಅರ್ಥದಲ್ಲಿ ಸಾಕ್ಷಿ, ಕಂಡದ್ದರ ವರದಿ.

2004ರಲ್ಲಿ ಹದಿನಾಲ್ಕು ವರ್ಷದವಳಾಗಿದ್ದ ಹುಡುಗಿಗೆ ಈಗ ಮೂವತ್ತು ದಾಟಿದೆ. ಅವಳ ಉಂಗುರ ಬೆರಳಿನಲ್ಲಿರಬಹುದು, ಡ್ರಾಯರಿನಲ್ಲಿರಬಹುದು, ಎಲ್ಲೋ ಕಳೆದುಹೋಗಿರಬಹುದು. ಮಾತು ಉಳಿಸಿಕೊಂಡು ನೆಮ್ಮದಿಯಾಗಿರುವವಳೂ ಇರಬಹುದು, ಅವಳನ್ನು ಮರುಳೆನ್ನುವ ಹಕ್ಕು ನಮಗಿಲ್ಲ. ಉಳಿಸಿಕೊಳ್ಳಲಾಗದೆ ವರ್ಷಗಟ್ಟಲೆ ತನ್ನನ್ನೇ ಶಪಿಸಿಕೊಂಡವಳಿಗೆ ಮಾತ್ರ ಯಾರಾದರೂ ಒಂದು ಮಾತು ಹೇಳಬೇಕಿತ್ತು: ಅಷ್ಟು ಎಳೆಯ ಪ್ರಾಯದಲ್ಲಿ ನಿನ್ನಿಂದ ಅಷ್ಟು ದೊಡ್ಡ ಮಾತನ್ನು ತೆಗೆದುಕೊಂಡದ್ದು ನಮ್ಮ ತಪ್ಪು, ಅದನ್ನು ಮುರಿದದ್ದು ನಿನ್ನ ತಪ್ಪಲ್ಲ. ಅವಳಿಂದ ಮಾತು ಪಡೆದವರು ಅವಳಿಗೆ ಕೊಡಬೇಕಾಗಿ ಉಳಿದಿರುವ ಮಾತು ಅದು.